ಬಿಗಿಯ ಹದ: ಹಳೆಯ ಎಂಜಿನುಗಳ ದುರಸ್ತಿಯಲ್ಲಿ ಟಾರ್ಕ್ ರೆಂಚಿನ ಆಯ್ಕೆ ಮತ್ತು ಬಳಕೆ

ಪೀಠಿಕೆ

'ಯಂತ್ರ' ಎಂಬ ಶಬ್ದವು ಸಂಸ್ಕೃತದ 'ಯಮ್' ಧಾತುವಿಗೆ ಸಂಬಂಧಿಸಿದುದು. ಹಿಡಿದಿಡು, ತಡೆ, ನಿಗ್ರಹಿಸು ಎಂಬಿವು ಆ ಧಾತುವಿನ ಅರ್ಥಗಳು. ಎಂಜಿನಿನ ಮಟ್ಟಿಗಂತೂ ಈ ವ್ಯುತ್ಪತ್ತಿಯು ಅಕ್ಷರಶಃ ಸತ್ಯವಾದುದು. ಸಿಲಿಂಡರಿನೊಳಗೆ ಇಂಧನವು ಉರಿದಾಗ ಹುಟ್ಟುವ ಒತ್ತಡವನ್ನು ಹೊರಹೋಗಗೊಡದೆ ಹಿಡಿದಿಟ್ಟು, ಪಿಸ್ಟನ್ನನ್ನು ತಳ್ಳುವ ಒಂದೇ ಕೆಲಸಕ್ಕೆ ಅದನ್ನು ತಿರುಗಿಸುವುದೇ ಎಂಜಿನಿನ ಗುಟ್ಟು. ಹೀಗೆ ಹಿಡಿದಿಡುವ ಭಾರವೆಲ್ಲ ಬೆರಳುಗಾತ್ರದ ಕೆಲವು ಬೋಲ್ಟುಗಳ ಮೇಲೆ ಬೀಳುತ್ತದೆ. ಆ ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು, ಅಷ್ಟೇ ಬಿಗಿದಿದ್ದೇವೆಂದು ತಿಳಿಯುವುದು ಹೇಗೆ ಎಂಬುದೇ ಪ್ರಸ್ತುತ ಪಾಠದ ವಿಷಯ.

ಭಾಷೆಯ ಪಾಠ ಹೇಳುವವನಿಗೆ ನಟ್ಟುಬೋಲ್ಟಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಎಂಜಿನಿನ ಕೈಪಿಡಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ; ನಮ್ಮ ಹುಡುಗರು ಗ್ಯಾರೇಜಿನಲ್ಲಿ ಕಲಿಯುವುದಾದರೋ ಕನ್ನಡದಲ್ಲಿ. ನಡುವಿನ ಸೇತುವೆಯನ್ನು ಕಟ್ಟುವುದು ಭಾಷೆಯ ಕೆಲಸವೇ ಆಗಿದೆ. ಅಂಕೆಯೊಂದನ್ನು ತಪ್ಪಾಗಿ ಓದಿದರೆ ವ್ಯಾಕರಣದಲ್ಲಿ ಒಂದು ಅಂಕ ಹೋಗಬಹುದು. ಎಂಜಿನಿನಲ್ಲಿ ಸಿಲಿಂಡರ್ ಹೆಡ್ಡೇ ಹೋಗುತ್ತದೆ.

ನಮ್ಮ ಭಾಗದಲ್ಲಿ ಹಳೆಯ ಎಂಜಿನುಗಳು

ಇಜೇರಿ ಮೊದಲಾದ ಜೇವರ್ಗಿ ಸೀಮೆಯ ಊರುಗಳು ಕಪ್ಪು ಮಣ್ಣಿನವು. ತೊಗರಿ, ಜೋಳಗಳ ನಾಡು. ವಿದ್ಯುತ್ತು ಹೊಲದವರೆಗೆ ಬರುವ ಮುನ್ನ ಬಾವಿಯ ನೀರನ್ನೂ ಭೀಮಾ ನದಿಯ ನೀರನ್ನೂ ಮೇಲೆತ್ತಿದವು ಆಯಿಲ್ ಎಂಜಿನುಗಳು. ಈ ಎಂಜಿನುಗಳೊಡನೆ ಕರ್ನಾಟಕದ ಹೆಸರೂ ಕೂಡಿಕೊಂಡಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಉದ್ಯಮವು ಕಬ್ಬಿಣದ ನೇಗಿಲಿನ ಹಾದಿಯಿಂದ ಬೆಳೆದು, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನುಗಳ ಕಂಪನಿಯಾಗಿ ಕವಲೊಡೆಯಿತು. ಇವುಗಳಲ್ಲದೆ ವಿಲ್ಲೀಸ್ ಮಾದರಿಯ ಜೀಪುಗಳು, ಮದರಾಸಿನ ಬುಲೆಟ್ಟುಗಳು, ಮೈಸೂರಿನ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ನಮ್ಮ ನಾಡಿನ ರಸ್ತೆಗಳಲ್ಲಿ ಬಹುಕಾಲ ಓಡಿದವು. ಕೆಲವು ಇಂದಿಗೂ ಓಡುತ್ತಿವೆ.

ಇಂತಹ ಎಂಜಿನುಗಳನ್ನು ಕಾಪಾಡುವುದರಲ್ಲಿ ಒಂದು ಕಷ್ಟವುಂಟು. ಹೊಸ ಗಾಡಿಯ ಹೆಡ್ಡು ಸೀಳಿದರೆ ಅಂಗಡಿಯಿಂದ ಇನ್ನೊಂದನ್ನು ತರಬಹುದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಜಾವಾ ಎಂಬ ಹೆಸರು 2018ರಲ್ಲಿ ಮರಳಿ ಬಂದಿತಾದರೂ ಆಗ ಬಂದುದು ನೀರಿನಿಂದ ತಣಿಯುವ ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನು. ಆದ್ದರಿಂದ ಹಳೆಯ ಎಂಜಿನಿನ ಒಂದು ಅಚ್ಚು ಒಡೆದರೆ ಲೋಕದಲ್ಲಿ ಉಳಿದಿರುವ ಅಂತಹ ಅಚ್ಚುಗಳಲ್ಲಿ ಒಂದು ಕಡಿಮೆಯಾದಂತೆಯೇ. ಹಳೆಯ ಯಂತ್ರವನ್ನು ಬಿಗಿಯುವವನು ಹೆಚ್ಚು ಎಚ್ಚರದಿಂದಿರಬೇಕಾದುದು ಇದರಿಂದಲೇ.

ತಿರುಗುಬಲ ಎಂದರೇನು?

ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸುಲಭ. ತಿರುಗಿಸುವ ಶಕ್ತಿಯು ಬಲವೊಂದನ್ನೇ ಅವಲಂಬಿಸದೆ, ಬಲವು ತಿರುಗಣೆಯಿಂದ ಎಷ್ಟು ದೂರದಲ್ಲಿ ಬೀಳುತ್ತದೆಂಬುದನ್ನೂ ಅವಲಂಬಿಸಿದೆ. ಈ ಎರಡರ ಗುಣಲಬ್ಧವೇ ತಿರುಗುಬಲ, ಇಂಗ್ಲಿಷಿನವರ ಟಾರ್ಕ್. ಅರ್ಧ ಮೀಟರ್ ಉದ್ದದ ಪಾನಾದ ತುದಿಯನ್ನು 20 ಕಿಲೋಗ್ರಾಂ ಭಾರದಷ್ಟು ಬಲದಿಂದ, ಪಾನಾಕ್ಕೆ ಲಂಬವಾಗಿ ಎಳೆದರೆ ಬೋಲ್ಟಿನ ಮೇಲೆ ಬೀಳುವ ತಿರುಗುಬಲವು 10 ಕಿಲೋಗ್ರಾಂ-ಮೀಟರ್.

ನಮ್ಮ ಗ್ಯಾರೇಜುಗಳಲ್ಲಿ ಪಾನಾ ಎಂದರೆ ನಟ್ಟು ತಿರುಗಿಸುವ ಯಾವುದೇ ಸಾಧನ. ಟಾರ್ಕ್ ರೆಂಚು ಕೂಡ ಪಾನಾವೇ. ಆದರೆ ತಾನು ಹಾಕುತ್ತಿರುವ ತಿರುಗುಬಲವೆಷ್ಟು ಎಂಬುದನ್ನು ತಿಳಿಸಬಲ್ಲ ಪಾನಾ. ಇದಕ್ಕೆ ಸಂಬಂಧಿಸಿದ ಪೇಟೆಂಟುಗಳು ಅಮೆರಿಕದಲ್ಲಿ 1930ರ ದಶಕದಲ್ಲಿ ದೊರೆತವು.

ಬೋಲ್ಟು ಒಂದು ಸ್ಪ್ರಿಂಗು

ಬೋಲ್ಟನ್ನು ಬಿಗಿದಾಗ ಅದು ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ತನ್ನ ಮೊದಲ ಅಳತೆಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುವ ಬಲ. ಬಿಗಿ ಸಾಲದಿದ್ದರೆ ಈ ಹಿಡಿತ ಸಾಲದು. ಬಿಗಿ ಮೀರಿದರೆ ಉಕ್ಕು ತನ್ನ ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ದಾಟಿ ಮರಳಿ ಬಾರದಂತೆ ಸೊರಗುತ್ತದೆ, ಇಲ್ಲವೆ ತುಂಡಾಗುತ್ತದೆ.

ಹಿಡಿತ ಎಷ್ಟು ಬೇಕು? ಸಿಲಿಂಡರಿನ ವ್ಯಾಸ 8 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಇಂಧನ ಉರಿದಾಗ ಒತ್ತಡವು ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಂ ಎಂದಾದರೆ, ಹೆಡ್ಡನ್ನು ಮೇಲಕ್ಕೆ ಎತ್ತಲು ಯತ್ನಿಸುವ ಬಲವು 2000 ಕಿಲೋಗ್ರಾಂ, ಅಂದರೆ 20 ಕ್ವಿಂಟಲ್. ನಾಲ್ಕು ಸ್ಟ್ರೋಕಿನ ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಈ ಹೊಡೆತವು ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 750 ಸಲ ಬೀಳುತ್ತದೆ.

ಇನ್ನು ಒಂದು ಬೋಲ್ಟಿನ ಹಿಡಿತವನ್ನು ನೋಡೋಣ. 10 ಮಿಲಿಮೀಟರ್ ವ್ಯಾಸದ, 8.8 ದರ್ಜೆಯ ಉಕ್ಕಿನ ಬೋಲ್ಟನ್ನು ಒಣಗಿದ ಸ್ಥಿತಿಯಲ್ಲಿ 5 ಕಿಲೋಗ್ರಾಂ-ಮೀಟರಿಗೆ ಬಿಗಿದರೆ ಅದು ಕೊಡುವ ಹಿಡಿತ ಸುಮಾರು 25 ಕ್ವಿಂಟಲ್. ಕ್ವಿಂಟಲ್ ತೂಕದ 25 ತೊಗರಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ಭಾರವು ಒಂದು ಬೆರಳುಗಾತ್ರದ ಬೋಲ್ಟಿನಲ್ಲಿ ಅಡಗಿದೆ. ಆ ಬೋಲ್ಟು ಹಾನಿಯಿಲ್ಲದೆ ತಾಳಬಲ್ಲ ಎಲ್ಲೆ ಸುಮಾರು 34 ಕ್ವಿಂಟಲ್.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ನಾವು ಹಾಕುವ ತಿರುಗುಬಲದಲ್ಲಿ ಸುಮಾರು ನೂರಕ್ಕೆ 90 ಪಾಲು ಘರ್ಷಣೆಗೇ ವ್ಯಯವಾಗುತ್ತದೆ: ಅದರಲ್ಲಿ ಒಂದು ಭಾಗ ಬೋಲ್ಟಿನ ತಲೆಯ ಕೆಳಗೆ, ಇನ್ನೊಂದು ಭಾಗ ಥ್ರೆಡ್ಡುಗಳಲ್ಲಿ. ಬೋಲ್ಟನ್ನು ನಿಜವಾಗಿ ಹಿಗ್ಗಿಸುವುದು ಉಳಿದ 10 ಪಾಲು ಮಾತ್ರ. ಆದ್ದರಿಂದ ಘರ್ಷಣೆಯು ಸ್ವಲ್ಪ ಬದಲಾದರೂ ಹಿಡಿತ ಬಹಳವಾಗಿ ಬದಲಾಗುತ್ತದೆ. ಮೇಲೆ ಹೇಳಿದ ಬೋಲ್ಟಿಗೆ ಎಣ್ಣೆ ಸವರಿ ಅದೇ 5 ಕಿಲೋಗ್ರಾಂ-ಮೀಟರಿಗೆ ಬಿಗಿದರೆ ಹಿಡಿತವು 25ರಿಂದ ಸುಮಾರು 33 ಕ್ವಿಂಟಲಿಗೆ ಏರುತ್ತದೆ. ರೆಂಚು ತೋರಿಸಿದ ಅಂಕೆ ಒಂದೇ. ಬೋಲ್ಟು ಮಾತ್ರ ತನ್ನ ಎಲ್ಲೆಯ ಹೊಸ್ತಿಲಿಗೆ ಬಂದು ನಿಂತಿದೆ. ಪ್ರತಿಯಾಗಿ ತುಕ್ಕೂ ನಮ್ಮ ಎರೆಮಣ್ಣಿನ ಧೂಳೂ ತುಂಬಿದ ಥ್ರೆಡ್ಡಿನಲ್ಲಿ ಅದೇ ಅಂಕೆ ಬಂದರೂ ಹಿಡಿತ ಹುಟ್ಟಿರುವುದಿಲ್ಲ. ರೆಂಚು ಅಳೆಯುವುದು ತಿರುಗುಬಲವನ್ನು, ನಮಗೆ ಬೇಕಾದುದು ಹಿಡಿತ. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ಅನೇಕ ಕೆಡುಕುಗಳು ಸಂಭವಿಸುತ್ತವೆ.

ಕೈಯ ಅಂದಾಜು ಸಾಲದೆ?

ಅನುಭವಿಗಳಾದ ಮಿಸ್ತ್ರಿಗಳು ಕೈಯ ಅಂದಾಜಿನಿಂದಲೇ ಹೆಡ್ಡು ಕೂರಿಸಿ ಯಶಸ್ವಿಯಾಗಿರುವುದುಂಟು. ಅವರ ಕೈಗೆ ಗೌರವ ಸಲ್ಲಲೇಬೇಕು. ಬೆಲ್ಲದ ಪಾಕದ ಹದವನ್ನು ಎಳೆಯಿಂದ ಗುರುತಿಸುವ ತಾಯಂದಿರಂತೆ, ಬಿತ್ತನೆಯ ಹದವನ್ನು ಹಿಡಿ ಮಣ್ಣಿನಿಂದ ತಿಳಿಯುವ ಒಕ್ಕಲಿಗರಂತೆ ಅವರೂ ಹದವನ್ನು ಬಲ್ಲವರು. ಆದರೆ ಕೈಯ ಹದಕ್ಕೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಪಾನಾದ ಉದ್ದ ಬದಲಾದರೆ ಕೈಯ ಲೆಕ್ಕ ತಪ್ಪುತ್ತದೆ. ಬೆಳಗಿನ ಕೈಯೂ ಸಂಜೆಯ ದಣಿದ ಕೈಯೂ ಒಂದೇ ಅಲ್ಲ. ಹೆಡ್ಡಿಗೆ ಬೇಕಾದುದು ಎಲ್ಲ ಬೋಲ್ಟುಗಳ ಸಮಾನ ಬಿಗಿ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಸುಡುತ್ತದೆ. ಎರಡನೆಯದಾಗಿ, ಕೈಯ ಹದವು ಆ ಕೈಯೊಡನೆಯೇ ಹೋಗುತ್ತದೆ. ಅದನ್ನು ಬರೆದಿಡಲು ಬಾರದು. ಅಂಕೆಯನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು ಮುಂದಿನವನಿಗೆ ಒಪ್ಪಿಸಬಹುದು. ಮಿಸ್ತ್ರಿಯ ಕೈಯನ್ನು ಟಾರ್ಕ್ ರೆಂಚು ಹೊರಗೆ ಹಾಕುವುದಿಲ್ಲ. ನಟ್ಟು ಒರಟಾಗಿ ಓಡುತ್ತಿದೆಯೇ, ಥ್ರೆಡ್ಡು ಸಡಿಲವಾಗಿ ಜಾರುತ್ತಿದೆಯೇ ಎಂಬುದನ್ನು ಇಂದಿಗೂ ಹೇಳಬೇಕಾದುದು ಕೈಯೇ.

ಮಾನಗಳ ಗೊಂದಲ

ಭಾರತದಲ್ಲಿ ಮೆಟ್ರಿಕ್ ಪದ್ಧತಿಯು 1956ರ ಕಾಯಿದೆಯಿಂದ ಬಂದಿತು. ಹಳೆಯ ಎಂಜಿನುಗಳ ಕೈಪಿಡಿಗಳಲ್ಲಾದರೋ ಮೂರು ಬಗೆಯ ಮಾನಗಳು ಬೆರೆತಿವೆ. ಇಂಗ್ಲೆಂಡು, ಅಮೆರಿಕಗಳ ಮೂಲದವುಗಳಲ್ಲಿ ಪೌಂಡ್-ಅಡಿ, ಮೆಟ್ರಿಕ್ ದೇಶಗಳ ಹಳೆಯವುಗಳಲ್ಲಿ ಕಿಲೋಗ್ರಾಂ-ಮೀಟರ್, ಇತ್ತೀಚಿನವುಗಳಲ್ಲಿ ನ್ಯೂಟನ್-ಮೀಟರ್. ಈ ಸಂಬಂಧಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು:

1 ಕಿಲೋಗ್ರಾಂ-ಮೀಟರ್ = 9.8 ನ್ಯೂಟನ್-ಮೀಟರ್ = 7.23 ಪೌಂಡ್-ಅಡಿ
1 ಪೌಂಡ್-ಅಡಿ = 1.356 ನ್ಯೂಟನ್-ಮೀಟರ್ = 12 ಪೌಂಡ್-ಇಂಚು

ಉದಾಹರಣೆಗೆ, ವಿಲ್ಲೀಸ್ ಜೀಪಿನ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನಿನ ಹೆಡ್ಡಿನ ಬೋಲ್ಟುಗಳಿಗೆ ಹೇಳಿರುವ ಬಿಗಿ 65 ರಿಂದ 75 ಪೌಂಡ್-ಅಡಿ. ಇದು 9 ರಿಂದ 10.4 ಕಿಲೋಗ್ರಾಂ-ಮೀಟರಿಗೆ, ಅಥವಾ 88 ರಿಂದ 102 ನ್ಯೂಟನ್-ಮೀಟರಿಗೆ ಸಮ. ಮಾನದ ಹೆಸರನ್ನು ಗಮನಿಸದೆ 70 ಎಂಬ ಅಂಕೆಯನ್ನಷ್ಟೇ ಹಿಡಿದು ನ್ಯೂಟನ್-ಮೀಟರಿನ ರೆಂಚಿನಲ್ಲಿ 70ಕ್ಕೆ ನಿಲ್ಲಿಸಿದರೆ, ಬೋಲ್ಟಿಗೆ ಸಿಕ್ಕುವುದು ಸುಮಾರು 52 ಪೌಂಡ್-ಅಡಿ ಮಾತ್ರ. ಗ್ಯಾಸ್ಕೆಟ್ಟು ಸೋರಿ, ನೀರು ಎಣ್ಣೆಯೊಡನೆ ಬೆರೆಯಲು ಇಷ್ಟು ಸಾಕು. ಪೌಂಡ್-ಇಂಚನ್ನು ಪೌಂಡ್-ಅಡಿಯೆಂದು ಓದಿದರೆ ಹನ್ನೆರಡು ಪಟ್ಟು ತಪ್ಪು. ಅಲ್ಲಿ ಸಣ್ಣ ಬೋಲ್ಟು ಉಳಿಯುವ ಮಾತೇ ಇಲ್ಲ. ಅಂಕೆಯನ್ನು ಬರೆಯುವಾಗ ಮಾನವನ್ನೂ ತಪ್ಪದೆ ಬರೆಯುವುದು ವಿದ್ಯಾರ್ಥಿಯ ಮೊದಲ ನಿಯಮವಾಗಬೇಕು.

ರೆಂಚಿನ ಆಯ್ಕೆ

ಟಾರ್ಕ್ ರೆಂಚುಗಳಲ್ಲಿ ಬಳಕೆಯಲ್ಲಿರುವ ಮುಖ್ಯ ಬಗೆಗಳು ಮೂರು.

ಮೊದಲನೆಯದು ಮುಳ್ಳಿನ ರೆಂಚು. ಇದರಲ್ಲಿ ಬಾಗುವ ಒಂದು ಉಕ್ಕಿನ ಸಲಾಕೆ, ಬಾಗದೆ ನಿಲ್ಲುವ ಒಂದು ಮುಳ್ಳು, ಹಿಡಿಯ ಹತ್ತಿರ ಅಂಕೆಗಳ ಪಟ್ಟಿ ಇರುತ್ತವೆ. ಎಳೆದಾಗ ಸಲಾಕೆ ಬಾಗಿ, ಮುಳ್ಳು ಅಂಕೆಯನ್ನು ತೋರಿಸುತ್ತದೆ. ಬೆಲೆ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ವಿಶ್ರಾಂತಿಯಲ್ಲಿ ಮುಳ್ಳು ಸೊನ್ನೆಗೆ ನಿಲ್ಲದಿದ್ದರೆ ದೋಷವು ಕಣ್ಣಿಗೇ ಕಾಣುತ್ತದೆ. ಆದರೆ ಅಂಕೆಯನ್ನು ನೇರವಾಗಿ ಮೇಲಿನಿಂದ ನೋಡಬೇಕು. ಎಂಜಿನಿನ ಮೂಲೆಯಲ್ಲಿ ಇದು ಯಾವಾಗಲೂ ಸಾಧ್ಯವಿಲ್ಲ.

ಎರಡನೆಯದು ಕ್ಲಿಕ್ ರೆಂಚು. ಹಿಡಿಯನ್ನು ತಿರುಗಿಸಿ ಬೇಕಾದ ಅಂಕೆಗೆ ನಿಲ್ಲಿಸಿದರೆ, ಅಷ್ಟು ಬಿಗಿ ಬಂದೊಡನೆ ಟಕ್ಕೆಂದು ಶಬ್ದ ಮಾಡಿ ಕೈಗೆ ತಿಳಿಸುತ್ತದೆ. ಕತ್ತಲೆಯ ಮೂಲೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ಇದರ ಒಳಗಿನ ಸ್ಪ್ರಿಂಗು ದಣಿದರೆ ಹೊರಗಿನಿಂದ ಗೊತ್ತಾಗುವುದಿಲ್ಲವೆಂಬುದೇ ದೋಷ.

ಮೂರನೆಯದು ಗಡಿಯಾರದಂತಹ ಮುಖವುಳ್ಳ ಡಯಲ್ ರೆಂಚು. ಪರೀಕ್ಷೆಗೆ ಉತ್ತಮ, ಬೆಲೆ ಹೆಚ್ಚು, ಬಿದ್ದರೆ ಕೆಡುತ್ತದೆ.

ಯಾವುದನ್ನು ಕೊಂಡರೂ ಅದರ ವ್ಯಾಪ್ತಿಯನ್ನು ನೋಡಬೇಕು. ರೆಂಚಿನ ಅಳತೆಪಟ್ಟಿಯ ಕೊನೆಯ ಅಂಕೆಯ ಐದನೆಯ ಒಂದು ಪಾಲಿಗಿಂತ ಕೆಳಗೆ ಅದನ್ನು ನೆಚ್ಚಲಾಗದು. 20 ಕಿಲೋಗ್ರಾಂ-ಮೀಟರಿನ ರೆಂಚಿನಿಂದ 1 ಕಿಲೋಗ್ರಾಂ-ಮೀಟರ್ ಬಿಗಿಯಲು ಹೋಗುವುದು ಧಾನ್ಯದ ತಕ್ಕಡಿಯಲ್ಲಿ ಬಂಗಾರ ತೂಗಿದಂತೆ. ಜೀಪು, ಟ್ರ್ಯಾಕ್ಟರುಗಳಿಗೆ ಅರ್ಧ ಇಂಚು ಚೌಕದ, ಸುಮಾರು 4 ರಿಂದ 20 ಕಿಲೋಗ್ರಾಂ-ಮೀಟರಿನ ರೆಂಚು ಸಾಕು. ಮೋಟಾರು ಸೈಕಲ್ಲಿಗೆ ಮೂರೆಂಟಾಂಶ ಇಂಚು ಚೌಕದ, 1 ರಿಂದ 5 ಕಿಲೋಗ್ರಾಂ-ಮೀಟರಿನ ಚಿಕ್ಕದು ಬೇಕು. ಒಂದೇ ಕೊಳ್ಳಲು ಶಕ್ತಿಯಿದ್ದು, ವರ್ಷಕ್ಕೊಮ್ಮೆ ಪರೀಕ್ಷೆಗೆ ಪಟ್ಟಣಕ್ಕೆ ಕಳಿಸುವ ಅನುಕೂಲವಿಲ್ಲದ ಹಳ್ಳಿಯ ಗ್ಯಾರೇಜಿಗೆ ಮುಳ್ಳಿನ ರೆಂಚೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಕೆಟ್ಟರೆ ಕೆಟ್ಟಿದ್ದೇನೆಂದು ತಾನೇ ಹೇಳುತ್ತದೆ.

ಒಳ್ಳೆಯ ಕ್ಲಿಕ್ ರೆಂಚು ಸಾಮಾನ್ಯವಾಗಿ ನೂರಕ್ಕೆ 4ರಷ್ಟು ಹೆಚ್ಚುಕಡಿಮೆಯೊಳಗೆ ನಿಜ ಹೇಳಬೇಕು. ಅದನ್ನು ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ ಪರೀಕ್ಷೆಗೆ ಒಪ್ಪಿಸುವುದು ವಾಡಿಕೆ. ಸ್ಥೂಲವಾದ ಪರೀಕ್ಷೆಯನ್ನು ಊರಿನಲ್ಲಿಯೇ ಮಾಡಬಹುದು. ರೆಂಚಿನ ಚೌಕವನ್ನು ವೈಸಿನಲ್ಲಿ ಭದ್ರವಾಗಿ ಹಿಡಿಸಿ, ರೆಂಚು ನೆಲಕ್ಕೆ ಸಮಾಂತರವಾಗಿರುವಂತೆ ಮಾಡಿ, ಚೌಕದ ಮಧ್ಯದಿಂದ ಅರ್ಧ ಮೀಟರ್ ದೂರದಲ್ಲಿ ಮುದ್ರೆಯೊತ್ತಿದ 20 ಕಿಲೋಗ್ರಾಂ ತೂಕದ ಕಲ್ಲನ್ನು ತೂಗುಹಾಕಿದರೆ ರೆಂಚು 10 ಕಿಲೋಗ್ರಾಂ-ಮೀಟರ್ ತೋರಿಸಬೇಕು. ರೆಂಚಿನ ಸ್ವಂತ ತೂಕವೂ ಅದರಲ್ಲಿ ಸ್ವಲ್ಪ ಸೇರುತ್ತದೆಂಬುದನ್ನು ಮರೆಯಬಾರದು. ರೆಂಚಿನ ಹಿಡಿ ಅಷ್ಟು ಉದ್ದವಿಲ್ಲದಿದ್ದರೆ ದೂರವನ್ನು ಕಡಿಮೆ ಮಾಡಿ, ಬಲವನ್ನು ಲೆಕ್ಕಹಾಕಿಕೊಳ್ಳಬಹುದು.

ಬಳಸುವ ಕ್ರಮ

1. ಮೊದಲು ಶುಚಿ. ಬೋಲ್ಟಿನ ಮತ್ತು ರಂಧ್ರದ ಥ್ರೆಡ್ಡುಗಳನ್ನು ಸೀಮೆಎಣ್ಣೆಯಿಂದ ತೊಳೆದು, ತಂತಿಯ ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಬೋಲ್ಟು ಕೈಬೆರಳಿನಿಂದಲೇ ಕೊನೆಯವರೆಗೆ ಇಳಿಯಬೇಕು. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿದ್ದರೆ, ಇಳಿಯುವ ಬೋಲ್ಟು ಅದನ್ನು ಒತ್ತಿ ಬೀಡುಕಬ್ಬಿಣದ ಬ್ಲಾಕನ್ನೇ ಸೀಳಬಲ್ಲುದು.

2. ಹಳೆಯ ಗ್ಯಾಸ್ಕೆಟ್ಟನ್ನು ಕೆರೆಯುವಾಗ ಎಚ್ಚರ ಬೇಕು. ಹಿಂದಿನ ಕಾಲದ ಅನೇಕ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಉಜ್ಜದೆ, ಊದದೆ, ನೆನೆಸಿ ತೆಗೆಯಬೇಕು.

3. ಎಣ್ಣೆ ಹಚ್ಚಬೇಕೆ, ಒಣಗಿಯೇ ಬಿಗಿಯಬೇಕೆ ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಎಲ್ಲ ಬೋಲ್ಟುಗಳಿಗೂ ಒಂದೇ ಕ್ರಮವನ್ನು ಅನುಸರಿಸಬೇಕು.

4. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ, ಎದುರುಬದುರಾಗಿ, ಅಂಚಿನ ಕಡೆಗೆ ಸಾಗುತ್ತ ಬಿಗಿಯಬೇಕು. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತು ಮಾಡಬೇಕು. ಗುರಿ 9 ಕಿಲೋಗ್ರಾಂ-ಮೀಟರ್ ಆದರೆ ಮೊದಲ ಸುತ್ತಿಗೆ 3, ಎರಡನೆಯದಕ್ಕೆ 6, ಮೂರನೆಯದಕ್ಕೆ 9.

5. ಹಿಡಿಯ ನಡುವನ್ನೇ ಹಿಡಿದು, ಎಳೆತಕ್ಕೆ ಜರ್ಕು ಕೊಡದೆ ನಿಧಾನವಾಗಿ ಎಳೆಯಬೇಕು. ಕ್ಲಿಕ್ ಎಂದ ಕೂಡಲೇ ನಿಲ್ಲಿಸಬೇಕು. ಇನ್ನೊಂದು ಸಲ ಕ್ಲಿಕ್ಕನ್ನು ಕೇಳುವ ಆಸೆಯೇ ಅನೇಕ ಬೋಲ್ಟುಗಳನ್ನು ಹಾಳುಮಾಡಿದೆ.

6. ಸಾಕೆಟ್ಟಿನ ಮೇಲೆ ನೇರವಾಗಿ ನಿಲ್ಲುವ ಎಕ್ಸ್‌ಟೆನ್ಷನ್ ಸಲಾಕೆಯಿಂದ ಲೆಕ್ಕ ಬದಲಾಗುವುದಿಲ್ಲ. ರೆಂಚಿನ ಉದ್ದಕ್ಕೆ ಮುಂದಕ್ಕೆ ಚಾಚುವ ಜೋಡಣೆ ಹಾಕಿದರೆ ಬದಲಾಗುತ್ತದೆ. ರೆಂಚಿನ ಉದ್ದ 40 ಸೆಂಟಿಮೀಟರ್, ಜೋಡಣೆ 10 ಸೆಂಟಿಮೀಟರ್ ಆದರೆ, ಬೇಕಾದ ಬಿಗಿಯನ್ನು 40ರಿಂದ ಗುಣಿಸಿ 50ರಿಂದ ಭಾಗಿಸಿ, ಬಂದ ಅಂಕೆಗೆ ರೆಂಚನ್ನು ನಿಲ್ಲಿಸಬೇಕು.

7. ಟಾರ್ಕ್ ರೆಂಚಿನಿಂದ ಬೋಲ್ಟನ್ನು ಬಿಚ್ಚಬಾರದು. ಅದಕ್ಕೆ ಸಾದಾ ಪಾನಾ ಇದೆ. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಅದರ ಅತ್ಯಂತ ಕೆಳಗಿನ ಅಂಕೆಗೆ ಇಳಿಸಿ, ಪೆಟ್ಟಿಗೆಯಲ್ಲಿಡಬೇಕು.

ಹಳೆಯ ಎಂಜಿನಿನ ವಿಶೇಷಗಳು

ಕೈಪಿಡಿಯ ಅಂಕೆಯು ಹೊಸ ಬೋಲ್ಟಿಗೆ, ಹೊಸ ಥ್ರೆಡ್ಡಿಗೆ ಹೇಳಿದ್ದು. ಐವತ್ತು ವರ್ಷಗಳಲ್ಲಿ ಹತ್ತಾರು ಸಲ ಬಿಚ್ಚಿ ಕೂರಿಸಿದ ಸ್ಟಡ್ಡಿಗೆ ಅದೇ ಅಂಕೆ ಸಲ್ಲುತ್ತದೆಯೇ ಎಂದು ಪರಿಶೀಲಿಸಬೇಕು. ಬೋಲ್ಟನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿ. ಉದ್ದವಾಗಿದ್ದರೆ, ನಡುವೆ ಸಪುರವಾಗಿದ್ದರೆ ಅದನ್ನು ತೆಗೆದುಬಿಡಿ. ಬಿಗಿಯುವಾಗ ನಟ್ಟು ತಿರುಗುತ್ತಲೇ ಇದ್ದು, ಅಂಕೆ ಏರದೆ ಇದ್ದರೆ ಕೂಡಲೇ ನಿಲ್ಲಿಸಬೇಕು. ಬೋಲ್ಟು ಹಿಗ್ಗುತ್ತಿದೆ, ಇಲ್ಲವೆ ಥ್ರೆಡ್ಡು ಕಿತ್ತು ಬರುತ್ತಿದೆ ಎಂಬುದಕ್ಕೆ ಅದೇ ಸೂಚನೆ.

ಜಾವಾ ಮಾದರಿಯ 250 ಸಿ.ಸಿ. ಎಂಜಿನಿನಲ್ಲಿ ಸಿಲಿಂಡರು ಬೀಡುಕಬ್ಬಿಣದ್ದು, ಹೆಡ್ಡು ಮತ್ತು ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಮಿನವು. ಅಲ್ಯೂಮಿನಿಯಂ ಮೃದು, ಉಕ್ಕಿನ ಸ್ಟಡ್ಡು ಅದರ ಥ್ರೆಡ್ಡನ್ನು ಸುಲಭವಾಗಿ ಕೀಳುತ್ತದೆ. ಬಿಸಿಯಾದಾಗ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ; ಆದ್ದರಿಂದ ಎಂಜಿನು ಪೂರ್ತಿ ತಣ್ಣಗಾದ ಮೇಲೆಯೇ ಬಿಗಿಯಬೇಕು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಇನ್ನೊಂದು ವಿಷಯವುಂಟು: ಇಂಧನ ಮಿಶ್ರಣವು ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗುತ್ತದೆ. ಅದರ ಜೋಡಣೆ ಒಂದು ಕಡೆ ಸಡಿಲವಾದರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕಿತ್ತ ಥ್ರೆಡ್ಡಿಗೆ ಹೆಲಿಕಾಯಿಲ್ ಎಂಬ ತಂತಿಯ ಸುರುಳಿಯನ್ನು ಕೂರಿಸಿ ಅಚ್ಚನ್ನು ಉಳಿಸಿಕೊಳ್ಳಬಹುದು. ದಪ್ಪ ಬೋಲ್ಟನ್ನು ಹೊಡೆದು ಕೂರಿಸುವ ಪದ್ಧತಿಯನ್ನು ಬಿಡಬೇಕು.

ಇಂಗ್ಲಿಷ್ ಮೂಲದ ಹಳೆಯ ಎಂಜಿನುಗಳಲ್ಲಿ ವಿಟ್‌ವರ್ತ್ ಪದ್ಧತಿಯ ಥ್ರೆಡ್ಡುಗಳಿರುತ್ತವೆ. ಮೆಟ್ರಿಕ್ ನಟ್ಟು ಮೊದಲ ಒಂದೆರಡು ಸುತ್ತು ಒಳಹೋದಂತೆ ಕಂಡು ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿ ರೆಂಚು ತೋರಿಸುವ ಅಂಕೆಯು ಹಿಡಿತದ್ದಲ್ಲ, ಥ್ರೆಡ್ಡು ಸಾಯುತ್ತಿರುವುದರ ಅಂಕೆ.

ಅಭ್ಯಾಸಕ್ಕೆ

1. ರೆಂಚಿನ ಉದ್ದ 40 ಸೆಂಟಿಮೀಟರ್. ಕೈಯ ಬಲ 25 ಕಿಲೋಗ್ರಾಂ. ತಿರುಗುಬಲವೆಷ್ಟು?
2. ಕೈಪಿಡಿಯಲ್ಲಿ 60 ಪೌಂಡ್-ಅಡಿ ಎಂದಿದೆ. ಇದನ್ನು ಕಿಲೋಗ್ರಾಂ-ಮೀಟರಿಗೂ ನ್ಯೂಟನ್-ಮೀಟರಿಗೂ ತಿರುಗಿಸಿರಿ.
3. ರೆಂಚು 45 ಸೆಂಟಿಮೀಟರ್, ಮುಂದಕ್ಕೆ ಚಾಚಿದ ಜೋಡಣೆ 15 ಸೆಂಟಿಮೀಟರ್. ಬೋಲ್ಟಿಗೆ 8 ಕಿಲೋಗ್ರಾಂ-ಮೀಟರ್ ಬೇಕು. ರೆಂಚನ್ನು ಎಷ್ಟಕ್ಕೆ ನಿಲ್ಲಿಸಬೇಕು?
4. ಇಬ್ಬರು ವಿದ್ಯಾರ್ಥಿಗಳು ಒಂದೇ ಬಗೆಯ ಬೋಲ್ಟುಗಳನ್ನು ಒಂದೇ ಅಂಕೆಗೆ ಬಿಗಿದರು. ಒಬ್ಬನ ಬೋಲ್ಟು ಎಣ್ಣೆ ಸವರಿದ್ದು, ಇನ್ನೊಬ್ಬನದು ಒಣಗಿದ್ದು. ಯಾರ ಬೋಲ್ಟಿನಲ್ಲಿ ಹಿಡಿತ ಹೆಚ್ಚು? ಏಕೆ?

ಉತ್ತರಗಳು: (1) 10 ಕಿಲೋಗ್ರಾಂ-ಮೀಟರ್. (2) ಸುಮಾರು 8.3 ಕಿಲೋಗ್ರಾಂ-ಮೀಟರ್, ಸುಮಾರು 81 ನ್ಯೂಟನ್-ಮೀಟರ್. (3) 6 ಕಿಲೋಗ್ರಾಂ-ಮೀಟರ್. (4) ಎಣ್ಣೆ ಸವರಿದ ಬೋಲ್ಟಿನಲ್ಲಿ. ಘರ್ಷಣೆಗೆ ಹೋಗುವ ಪಾಲು ಕಡಿಮೆಯಾಗಿ, ಹಿಗ್ಗಿಸುವ ಪಾಲು ಹೆಚ್ಚುತ್ತದೆ.

ನಾಲ್ಕನೆಯ ಪ್ರಶ್ನೆಗೆ ಲೆಕ್ಕವಿಲ್ಲದೆ, ಕಾರಣಸಹಿತವಾಗಿ ಉತ್ತರಿಸಬಲ್ಲ ವಿದ್ಯಾರ್ಥಿಯ ಕೈಗೆ ಹಳೆಯ ಎಂಜಿನನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು.